ಲಂಗದ ಸಿಪಾಯಿಗೆ ಬಣ್ಣ

ಪಾಲಾಕ್ಷ ತಂದುಕೊಟ್ಟ ಚಿತ್ರ ಅಂಗೈಯಷ್ಟಗಲ:
ಮೊಣಕಾಲು ಬಿಟ್ಟುಕೊಂಡು ನಿಂತ ಪರಂಗಿ ಸಿಪಾಯಿ,
ಸೊಂಟಕ್ಕೆ ನೆರಿಗೆ ಹಿಡಿದ ಚೌಕಳಿ ಲಂಗ.
"ಕೋಟೆ ಮೇಲಿನ ಆಟಕ್ಕೆ ಇಂಥವನೊಬ್ಬ ಬೇಕು, ಅಕ್ಕಾ.
ಬಣ್ಣ ಮಾತ್ರ ಆ ಕಾಲದ್ದೇ ಇರಲಿ."

ಆ ಕಾಲದ್ದು!
ಚಿಕ್ಕಪೇಟೆಯ ನನ್ನ ಬಾಡಿಗೆ ಅಂಗಡಿಯಲ್ಲಿ
ರಾಮನಿಗೂ ಸುಲ್ತಾನನಿಗೂ ಒಂದೇ ಸ್ಯಾಟಿನ್.
ಜರಿ ಕಿತ್ತರೆ ಭೀಮ, ಹಚ್ಚಿದರೆ ದುರ್ಯೋಧನ.
ಕಾನ್ವೆಂಟ್ ಹುಡುಗಿಯರ ಯೂನಿಫಾರ್ಮಿನ ಥಾನು ಬಿಚ್ಚಿ
ಇದೇ ಚೌಕಳಿ ಅಲ್ಲವೇನೋ ಎಂದೆ.
ಬಿಸಿಲಿಗೆ ಹಿಡಿದು ತಲೆಯಾಡಿಸಿದ:
"ಈ ಕೆಂಪು ಕೂಗುತ್ತೆ. ಆಗಿನದು ಮಾತಾಡ್ತಿತ್ತು."

ಮಾತಿಗೆ ಸೋತು ಚಳ್ಳಕೆರೆಯ ಬಸ್ಸು ಹತ್ತಿದೆ.

ಕಂಬಳಿ ನೇಯುವ ಬೀರಜ್ಜ
ಬಿಳಿ ಉಣ್ಣೆ ಕಮ್ಮಿ ತಾಯಿ, ನಮ್ಮವೆಲ್ಲ ಕರಿ ಕುರಿ ಎಂದ.
ಹಾಗಾದರೆ ಕರಿ ಗೆರೆಗೆ ಬಣ್ಣದ ಖರ್ಚಿಲ್ಲ,
ಕುರಿ ಅದ್ದಿಕೊಂಡೇ ಹುಟ್ಟಿದೆ.
ಉಳಿದದ್ದಕ್ಕೆ ದಾವಣಗೆರೆಯ ಬುಡೇನ್‌ಸಾಬ್.

ಇಪ್ಪತ್ತೆರಡು ವರ್ಷ ಮಿಲ್ಲಿನ ಬಣ್ಣದ ಖಾತೆ.
ಮಿಲ್ಲು ಬಾಗಿಲು ಹಾಕಿತು,
ಸಾಬರ ಉಗುರು ನೀಲಿ ಬಿಡಲಿಲ್ಲ.
ಅವರಪ್ಪ ಹಿತ್ತಲಲ್ಲಿ ಹೂತಿಟ್ಟ ಬಾನಿ ಇನ್ನೂ ಇತ್ತು,
ಒಳಗೆ ಕೋಳಿ ಕಾವಿಗೆ ಕೂತಿತ್ತು.

ಕೋಳಿಯನ್ನು ಎಬ್ಬಿಸಿದೆವು.
ಸುಣ್ಣ, ಬೆಲ್ಲ, ತಂಗಟೆ ಬೀಜ ಬೆಂದ ನೀರು,
ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ ನೀಲಿಯ ಹೆಂಟೆ.
ಮೂರು ದಿನ ಬಾನಿ ಮುನಿಸಿಕೊಂಡಿತು.
ನಾಲ್ಕನೆಯ ಬೆಳಗ್ಗೆ ನಾತ ಎದ್ದಿತು;
ಮೊಮ್ಮಗಳು ಮೂಗು ಮುಚ್ಚಿ ಓಡಿದಳು,
ಸಾಬರು "ಬದುಕಿತು" ಎಂದು ಬೀಡಿ ಹಚ್ಚಿದರು.
ನೂಲು ಹೊರಗೆ ಬರುವಾಗ ಹಸಿರು,
ಗಾಳಿ ಕುಡಿಯುತ್ತ ಕುಡಿಯುತ್ತ ನೀಲಿ.

ಜ್ಯೂಸ್ ಅಂಗಡಿಯಿಂದ ಚೀಲಗಟ್ಟಲೆ ದಾಳಿಂಬೆ ಸಿಪ್ಪೆ:
ಅದರ ಹಳದಿಯನ್ನು ಮತ್ತೆ ಬಾನಿಗೆ ಇಳಿಸಿದರೆ ನಿಜದ ಹಸಿರು.
ಕೆಂಪಿಗೆ ಮಡ್ಡಿ ಬೇರು. ಮೊದಲು ಪಟಿಕ.
"ಪಟಿಕ ಉಣ್ಣದ ನೂಲು
ಕೆಂಪನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಡುತ್ತೆ."

ಬೀರಜ್ಜ ಹುಣಸೆ ಬೀಜದ ಗಂಜಿ ಹಚ್ಚಿ ಗುಂಡಿಗಿಳಿದ.
ಹದಿನೆಂಟು ಕೆಂಪು, ನಾಲ್ಕು ಕರಿ,
ಹನ್ನೆರಡು ಹಸಿರು, ನಾಲ್ಕು ಕರಿ, ಆರು ನೀಲಿ.
ಹಾಸಿನಲ್ಲಿ ಎಣಿಸಿದ್ದನ್ನೇ ಹೊಕ್ಕಿನಲ್ಲೂ ಎಣಿಸಬೇಕು.
ಲೆಕ್ಕ ತಪ್ಪಿದರೆ ಆ ಸೀಮೆಯಲ್ಲಿ
ಮನೆತನವೇ ಬದಲಾಗುತ್ತದಂತೆ ಎಂದೆ.
ಅಜ್ಜ ನಕ್ಕ: "ಕಂಬಳಿ ಅಂಚು ತೋರಿಸು,
ಯಾವ ಹಟ್ಟೀದು ಅಂತ ನಾನೂ ಹೇಳ್ತೀನಿ."

ಕೆಂಪು ಹಾಸನ್ನು ಹಸಿರು ಹೊಕ್ಕು ದಾಟುವ ಕಡೆಯಲ್ಲೆಲ್ಲ
ನಾವು ಯಾರೂ ಅದ್ದದ ಬಣ್ಣವೊಂದು ಕೂತಿತ್ತು.
ತುಕ್ಕಲ್ಲ. ಹಣ್ಣಾದ ಹುಣಸೆಯೂ ಅಲ್ಲ.
ಸಾಬರು ಅದರ ಮೇಲೆ ಬೆರಳಿಟ್ಟು
ಬಹಳ ಹೊತ್ತಾದ ಮೇಲೆ ಕೇಳಿದರು:
"ಇದು ಯಾರು ಮಾಡಿದ್ದು?"

ಆಟದ ದಿನ.
ಎಗ್‌ರೈಸ್ ಗಾಡಿಯ ರುದ್ರೇಶಿ, ಬೆಳ್ಳಗಿದ್ದಾನೆಂದು ಸಿಪಾಯಿ.
ಎರಡು ನಿಮಿಷದ ಪಾತ್ರ:
ಬಂಡೆಯ ಮರೆಯಿಂದ ಬರುವುದು, ಗುಂಡು ತಿನ್ನುವುದು, ಬೀಳುವುದು.
ಮೇ ತಿಂಗಳ ಕಲ್ಲು ರಾತ್ರಿಯಲ್ಲೂ ಕಾಯುತ್ತಿತ್ತು.
ಸತ್ತವನು ತೊಡೆ ಕೆರೆದುಕೊಂಡ,
ಮಕ್ಕಳು ಬಿದ್ದು ಬಿದ್ದು ನಕ್ಕವು.
ಅಷ್ಟರಲ್ಲಿ ಮೇಲಿಂದ ಬಿಟ್ಟರು ನೋಡಿ ಕೆಂಪು ಲೈಟು!
ಮಡ್ಡಿ, ನೀಲಿ, ದಾಳಿಂಬೆ, ಕರಿ ಕುರಿ
ಎಲ್ಲ ಒಂದೇ ಮಣ್ಣು.
ಮುಂದಿನ ಸಾಲಿನಲ್ಲಿ ಇಬ್ಬರು ಮುದುಕರು
ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು.

ಪಾಲಾಕ್ಷ ನನ್ನ ಕಡೆ ನೋಡಲಿಲ್ಲ.
ನಾನೂ ಬೈಯಲಿಲ್ಲ.

ಸೋಮವಾರ ಲಂಗ ವಾಪಸು ಬಂತು.
ರುದ್ರೇಶಿಯ ತೊಡೆಗೆ ನೀಲಿ ಹತ್ತಿದೆಯಂತೆ,
ಹೆಂಡತಿ ಉಜ್ಜಿ ಉಜ್ಜಿ ಸೋತಿದ್ದಾಳಂತೆ.
ಹೇಳೋಣವೆಂದು ಸಾಬರ ಹಿತ್ತಲಿಗೆ ಹೋದರೆ
ಬಾನಿಗೆ ಬೆಲ್ಲ ಹಾಕುತ್ತಿದ್ದಾರೆ.
ಯಾರು ಕೇಳಿದ್ದಾರೆ ಸಾಬರೆ, ಇನ್ನು ಯಾತಕ್ಕೆ?
ಉತ್ತರವಿಲ್ಲ.
ಕೋಳಿಗೆ ಹೊಸ ಬುಟ್ಟಿ ತರಿಸಿದ್ದಾರೆ.