ನಡುವ ಯಾರೂ ಇಲ್ಲ

ಮೂವತ್ತೊಂದು ವರ್ಷ ಕಿವಿಗೆ ಕರಿ ಡಬ್ಬಿ ಕಟ್ಟಿಕೊಂಡು
ವಿಜಾಪುರದ ಎಕ್ಸ್‌ಚೇಂಜಿನಲ್ಲಿ ಕೂತವಳು
ಸುಗಲಾಬಾಯಿ ಕನಮಡಿ.
ಊರಿನ ಮದುವೆ, ಮರಣ, ಶೇಂಗಾದ ಭಾವ
ಎಲ್ಲ ಅವಳ ಬೆರಳು ಹಿಡಿದೇ
ತೂತಿನಿಂದ ತೂತಿಗೆ ದಾಟಿದ್ದು.

ಅತ್ತ ಇಂಡಿಯ ಬೋರ್ಡಿನ ಮುಂದೆ ಖುತೇಜಾಬಿ.
‘ಇಂಡಿ?’
‘ಹ್ಞೂಂ, ಹೇಳ್ರಿ ವಿಜಾಪುರ.’
ಹೀಗೆ ಶುರುವಾದ ಗೆಳೆತನ. ಮುಖ ನೋಡಿದ್ದು ಎರಡೇ ಸಲ,
ಒಮ್ಮೆ ಯೂನಿಯನ್ ಸಭೆಯಲ್ಲಿ, ಒಮ್ಮೆ ಕಣ್ಣಿನ ಆಸ್ಪತ್ರೆಯಲ್ಲಿ.

ಈಗ ಇಬ್ಬರಿಗೂ ಎಪ್ಪತ್ತೆಂಟರ ಮೇಲೆ.
ಗಾಜಿನ ಫೋನಿಗೆ ಅವರ ಬೆರಳು ಒಗ್ಗದು:
ಒಣ ಚರ್ಮ ಒತ್ತಿದ್ದು ಅದಕ್ಕೆ ತಿಳಿಯುವುದೇ ಇಲ್ಲ,
ತಿಳಿದರೆ ಯಾವುದೋ ಸಾಲದ ಜಾಹೀರಾತು ತೆರೆದುಕೊಳ್ಳುತ್ತದೆ.

ನಾನು ಜೋರಾಪುರ ಪೇಟೆಯಲ್ಲಿ ಮಿಕ್ಸರ್, ಇನ್ವರ್ಟರ್ ರಿಪೇರಿಯವ.
ಮಾಡಿಕೊಡತೀನ್ರಿ ಅಂದೆ, ಹುರುಪಿನಲ್ಲಿ.
ಮೊದಲನೆಯ ಡಬ್ಬಿಗೆ ಪರದೆ, ಹನ್ನೆರಡು ಗುಂಡಿ,
ಗುಳಿಗೆ ನೆನಪಿಸುವ ಗಂಟೆ,
ಮುಂಜಾನೆ ಎದ್ದರೋ ಇಲ್ಲವೋ ಅಂತ
ಸೊಸೆಗೆ ಸುದ್ದಿ ಮುಟ್ಟಿಸುವ ಕಣ್ಣು.

ಅವಳು ಸೆರಗಿನ ಪಿನ್ನು ತೆಗೆದು
ಆ ಕಣ್ಣಿಗೆ ಕರವಸ್ತ್ರ ಕಟ್ಟಿ ಚುಚ್ಚಿದಳು.
‘ನಾನೇನ ಕರೆಂಟಿನ ಮೀಟರ್ ಏನಪಾ,
ದಿನಾ ಬಂದು ಓದಿಕೊಂಡು ಹೋಗಾಕ?
ಗುಮ್ಮಟ ಕಟ್ಟಬ್ಯಾಡ.
ಒಂದು ಮಾತು ಹಾಕಿದ್ರ ಏಳು ಸಲ ಹೇಳತೈತಿ ಅದು.
ನಮಗ ಒಂದ ಸಲ ಕೇಳಿ ಮರಿಯೂದು ಬೇಕು.’

ಕಿತ್ತೆ. ಆ ವರ್ಷ ಮಾಡಿದ್ದಕ್ಕಿಂತ ಕಿತ್ತಿದ್ದೇ ಹೆಚ್ಚು.
ಉಳಿದದ್ದು ಒಂದು ಸಾಗವಾನಿ ಡಬ್ಬಿ,
ಹಳೆಯ ರೇಡಿಯೊದಿಂದ ಬಿಚ್ಚಿದ ಹಿತ್ತಾಳೆಯ ನಾಬು,
ಒಂದು ಕೆಂಪು ದೀಪ.
ಇಲ್ಲಿ ತಿರುಗಿಸಿದರೆ ಇಂಡಿಯಲ್ಲಿ ದೀಪ.
ಅಲ್ಲಿ ತಿರುಗಿಸಿದರೆ ದನಿ ಕೂಡುತ್ತದೆ.
ಮನಸ್ಸಿಲ್ಲದಿದ್ದರೆ ದೀಪ ತಾನೇ ಆರುತ್ತದೆ,
ಯಾಕೆ ಎತ್ತಲಿಲ್ಲ ಅಂತ ಯಾರೂ ಬರೆದಿಡುವುದಿಲ್ಲ.

‘ನಡುವ ಯಾರು ಕುಂದರತಾರ?’
‘ಯಾರೂ ಇಲ್ರಿ.’
‘ನಾ ಕುಂತಿದ್ದೆ,’ ಅಂದಳು. ಮತ್ತೇನೂ ಅನ್ನಲಿಲ್ಲ.

ನಾಲ್ಕನೇ ದಿನ ಹೇಳಿ ಕಳಿಸಿದಳು.
‘ಲೈನಿನ್ಯಾಗ ಮೂರನೇದವ ಅದಾನ.
ಮಾತು ಮುಟ್ಟೂ ಮೊದಲ
ಒಂದು ಉಸಿರಿನಷ್ಟು ಎಲ್ಲೋ ನಿಂತು ಬರತೈತಿ.’

ನನ್ನ ಕಿವಿ ಬಿಸಿಯಾಯಿತು.
ಮಾತಲ್ಲ, ಬರೀ ಎಣಿಕೆ ಇಟ್ಟಿದ್ದೆ:
ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ.
ಡಬ್ಬಿ ಕೆಲಸಕ್ಕೆ ಬಂತೋ ಇಲ್ಲವೋ ತಿಳಿಯಲಿಕ್ಕೆ, ಅಷ್ಟೇ.

ಬೈಯಲಿಲ್ಲ. ಚುರಮುರಿ ಕಲಸುತ್ತಾ ಹೇಳಿದಳು:
‘ಒಂದು ಮನಿಯಿಂದ ಸೊಲ್ಲಾಪುರದ ದವಾಖಾನಿಗೆ
ಒಂದ ರಾತ್ರಿ ಹನ್ನೊಂದು ಕಾಲ್.
ಮಾತು ಕೇಳಲಿಲ್ಲ ನಾ, ದೇವರಾಣಿ. ಎಣಿಸಿದೆ.
ಮುಂಜಾನೆ ಆ ಮನಿ ಸಣ್ಣ ಸೊಸಿ
ನಳದ ಮುಂದ ನಕ್ಕೋತ ಕೊಡ ತುಂಬೂದು ನೋಡಿದೆ.
ಆಕಿಗೆ ಇನ್ನೂ ಯಾರೂ ಹೇಳಿರಲಿಲ್ಲ.
ನನಗ ಗೊತ್ತಿತ್ತು.
ಎಣಿಕಿನೂ ಮಾತಪಾ.’

ಆ ರಾತ್ರಿ ಸಾಲ್ಡರ್ ಕಾಯಿಸಿ ಎಣಿಸುವ ಚಿಪ್ಪು ಕಿತ್ತೆ.
ಆಮೇಲೆ ನನಗೆ ಏನೂ ಗೊತ್ತಿಲ್ಲ.
ಹೀಗೆ ಗೊತ್ತಿಲ್ಲದಿರುವುದನ್ನು
ಪಾಲಿಟೆಕ್ನಿಕ್ಕಿನಲ್ಲಿ ಯಾರೂ ಕಲಿಸಿರಲಿಲ್ಲ.
ಸೈಕಲ್ ಮೇಲೆ ಅವರ ಓಣಿ ದಾಟುವಾಗ
ಕತ್ತು ತಾನಾಗಿ ಕಿಟಕಿಯತ್ತ ಹೊರಳುತ್ತದೆ;
ಸುಮ್ಮನೆ ಬೆಲ್ಲು ಬಾರಿಸಿ ಮುಂದೆ ಹೋಗುತ್ತೇನೆ.

ಮೊನ್ನೆ ಶ್ರಾವಣದಲ್ಲಿ ನಾಬು ಸಡಿಲಾಗಿದೆಯೆಂದು
ಡಬ್ಬಿ ಅಂಗಡಿಗೆ ಬಂತು,
ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು.
ಹಿತ್ತಾಳೆಯ ಗೀರುಗಳು ಒಂದು ಬದಿಗೆ ಸವೆದು
ಹೆಬ್ಬೆರಳು ಕೂರುವಷ್ಟು ನುಣುಪು.

ಅದು ಹಳೇ ರೇಡಿಯೊದ ನಾಬು.
ಸವೆದದ್ದರಲ್ಲಿ ಇವಳದೆಷ್ಟು,
ಎಂದೋ ವಾರ್ತೆ ಹುಡುಕಿದ ಬೇರೆ ಯಾರದೋ ಎಷ್ಟು,
ಕೇಳಲಿಲ್ಲ.
ಬಿಗಿ ಮಾಡಿದೆ. ಹತ್ತು ರೂಪಾಯಿ ಇಸಕೊಂಡೆ.