ಕಿವಿ

ಒಂದು ವಾರ ನಾನೇ ತಿರುಪು ತಿರುವಿದ್ದೆ,
ಕಾಲು ಸುತ್ತು ಬಲಕ್ಕೆ, ಅರೆ ಸುತ್ತು ಎಡಕ್ಕೆ.
ಹೊಸ ಕೇಬಲ್ಲು. ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದ ಚೈನು.
ಆದರೂ ಹತ್ತಿಕುಣಿ ರಸ್ತೆಯ ಏರಿನಲ್ಲಿ
ಮೂರನೇ ಹಲ್ಲುಗಾಲಿ ಹಿಡಿದಂತೆ ಮಾಡಿ
ಟಕ್ಕೆಂದು ನಾಲ್ಕಕ್ಕೆ ಜಾರುವುದು,
ಗಾಳಿಯನ್ನೇ ತುಳಿದಂತಾಗಿ
ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುವುದು,
ಹಿಂದೆ ಬಂದ ಟಂಟಂನೊಳಗಿಂದ ಯಾರೋ
"ಇಳದ ನೂಕ್ರಿ ಸರ್" ಅನ್ನುವುದು.

ಯಾದಗಿರಿ ಸ್ಟೇಷನ್ ರಸ್ತೆಯ ದಸ್ತಗೀರ
ತಿರುಪಿಗೆ ಕೈ ಹಚ್ಚಲಿಲ್ಲ.
ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು
ಒಂದು ಕಣ್ಣು ಮುಚ್ಚಿದ.
ವಾಡಿ ಕಡೆಯ ಗೂಡ್ಸ್ ಗಾಡಿ ಪೂರ್ತಿ ದಾಟಿ ಹೋಗುವ ತನಕ
ಹಾಗೇ ಕೂತಿದ್ದ.
ಆಮೇಲೆ ಅಂದ:
"ಗೇರಿಂದೇನೂ ತಪ್ಪಿಲ್ರಿ. ಕಿವಿ ಬಗ್ಗ್ಯಾದ."

ಕಿವಿಯೆಂದರೆ ಹಿಂದಿನ ಗಾಲಿಯ ಅಚ್ಚಿನ ಕೆಳಗೆ
ಚೌಕಟ್ಟಿಗೆ ಹತ್ತಿಕೊಂಡ ಎರಡು ಬೆರಳಗಲದ ತುಣುಕು.
ಇಡೀ ಡಿರೇಲರ್ ಅದಕ್ಕೇ ಜೋತಿರುತ್ತದೆ.
ಅದು ಜೋಳದ ಕಾಳಿನಷ್ಟು ಒಳಗೆ ವಾಲಿದರೂ ಸಾಕು,
ಏಳೂ ಹಲ್ಲುಗಾಲಿಗಳ ಲೆಕ್ಕ ತಪ್ಪುತ್ತದೆ.
ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನು ನಾನು,
ಮೊದಲ ಸಾಲಿನಲ್ಲಿದ್ದ ತಪ್ಪಿಗೆ
ಕೊನೆಯ ಸಾಲನ್ನೇ ಅಳಿಸಿ ಅಳಿಸಿ ಬರೆದಿದ್ದೆ.

"ಬಲಮಗ್ಗಲ ಬಿದ್ದಿತ್ತೇನ್ರಿ?"
"ಇಲ್ಲ. ಮೌನೇಶ ಅಂತ ಒಬ್ಬ ಇದ್ದಾನೆ, ಎಂಟನೇತ್ತೆ.
ಗೇರಿನ ಬಟನ್ ಒತ್ತೊತ್ತಿ ಆಡುತ್ತಿದ್ದ. ಅವನದೇ ಕೆಲಸ."
ಅವನಿಗೇನು ಮಾಡಿದೆನೆಂದು ಹೇಳಲಿಲ್ಲ.
ದಸ್ತಗೀರ ಕೇಳಲೂ ಇಲ್ಲ.
"ಬಟನ್ ಒತ್ತಿದ್ರ ಕಿವಿ ಬಗ್ಗಲ್ರಿ" ಅಂದ, ಅಷ್ಟೆ.

ದೊಡ್ಡ ಊರುಗಳಲ್ಲಿ ಇದಕ್ಕೊಂದು ಅಳತೆಗೋಲಿದೆಯಂತೆ.
ಇವನಲ್ಲಿಲ್ಲ.
ಗೋಡೆಯ ಮೊಳೆಯಿಂದ ಯಾರದೋ ಹಳೇ ಗಾಲಿ ಇಳಿಸಿದ,
ಡಿರೇಲರ್ ಬಿಚ್ಚಿ ಚೈನಿಗೆ ಜೋತುಬಿಟ್ಟ,
ಖಾಲಿಯಾದ ಕಿವಿಯ ತೂತಿನಲ್ಲಿ
ಆ ಗಾಲಿಯ ಅಚ್ಚನ್ನು ತಿರುಗಿಸಿ ತಿರುಗಿಸಿ ಕೂಡಿಸಿದ.
ಈಗ ಮಗ್ಗುಲು ಮಗ್ಗುಲಿಗೆ ಎರಡು ಗಾಲಿ,
ಒಂದು ನನ್ನದು, ಒಂದು ಯಾರದೋ.
ಕಿವಿ ನೆಟ್ಟಗಿದ್ದರೆ ಎರಡೂ ಸಮಾನಾಂತರ.
ಆಡು ತಿಂದು ಬಿಟ್ಟ ಜೋಳದ ದಂಟಿನ ತುಂಡೇ ಸ್ಕೇಲು:
ಮೇಲೆ ಇಟ್ಟರೆ ಸಡಿಲ,
ಕೆಳಗೆ ಹೊಗಲೇ ಇಲ್ಲ.

ಸುತ್ತಿಗೆ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.
ಎಡಗೈ ಚೌಕಟ್ಟಿನ ಮೇಲೆ, ಬಲಗೈ ಗಾಲಿಯ ಅಂಚಿಗೆ,
ಎಳೆದು, ಬಿಟ್ಟು, ದಂಟಿಟ್ಟು ನೋಡಿ,
ಮತ್ತೆ ಕೂದಲೆಳೆಯಷ್ಟು ಎಳೆದು.
"ಉಕ್ಕಿಂದಾದ್ರ ನಾಕು ಸಲ ತಡ್ಕೋತದ ಸರ್.
ಇದು ಅಲುಮಿನಿ. ಒಂದ್ ಸಲ ಸೈಸ್ತದ.
ಇನ್ನೊಮ್ಮೆ ಹಿಂಡಿದ್ರ ಕೈಯಾಗೇ ಬರ್ತದ."

ಆಗ ನೆನಪಾಯಿತು, ಬೇಡವೆಂದರೂ.
ಹೋದ ಶನಿವಾರ, ಬೆಳಗಿನ ಶಾಲೆ, ಕಾಲು ಗಂಟೆ ತಡ.
ಸ್ಟ್ಯಾಂಡು ನೆಟ್ಟಗೆ ಹಾಕದೆ ಹಾಜರಿ ಬುಕ್ಕಿಗೆ ಓಡಿದ್ದೆ;
ಬೆನ್ನ ಹಿಂದೆ ಶಹಾಬಾದ ಕಲ್ಲಿನ ಮೇಲೆ
ಏನೋ ಬಿದ್ದ ಸದ್ದು.
ಹೊರಳಿ ನೋಡಿರಲಿಲ್ಲ.
ಸಹಿ ಹಾಕಿ ಬಂದಾಗ ಸೈಕಲ್ಲು ನಿಂತೇ ಇತ್ತು,
ತನ್ನ ಅಂಗಿಯ ತುದಿಯಿಂದ
ಪೆಡಲಿನ ಮಣ್ಣು ಒರೆಸುತ್ತಿದ್ದ ಮೌನೇಶ.
ಸೋಮವಾರ ನಾನು ಕೇಳಿದಾಗ ಅದನ್ನೂ ಹೇಳಲಿಲ್ಲ ಅವನು.

ನಾನು ಕೆಡಿಸಿಟ್ಟ ತಿರುಪುಗಳನ್ನಷ್ಟೆ ಮರಳಿ ಹೊಂದಿಸಿ
ಹಿಂದಿನ ಗಾಲಿ ಎತ್ತಿ ಪೆಡಲು ತಿರುವಿದ ದಸ್ತಗೀರ.
ಎರಡು, ಮೂರು.
ಮೂರರಲ್ಲಿ ಬೆರಳು ತೆಗೆದ. ಮೂರರಲ್ಲೇ ನಿಂತಿತು.
"ಎಂಬತ್ತು ಕೊಡ್ರಿ."

ಭಾನುವಾರವಾದರೂ ಹತ್ತಿಕುಣಿ ರಸ್ತೆಗೇ ಹೊರಳಿಸಿದೆ.
ಸದ್ದಿಲ್ಲದೆ ಏರಿತು ಚೈನು, ಇಳಿಯಿತು.
ನಾಳೆ ಎರಡನೇ ಪೀರಿಯಡ್ಡು ಎಂಟನೇತ್ತೆ.
ಹಿಂಡಿದ್ದು ಯಾವ ಕಿವಿ,
ಎಡದ್ದೋ ಬಲದ್ದೋ,
ಏರು ಮುಗಿಯುವ ತನಕ
ನೆನಪಾಗಲೇ ಇಲ್ಲ.