ಹನ್ನೊಂದನೇ ನಿಮಿಷ

ಎಂತ ಕೆಲಸ ನಿಮ್ಮದು, ಕೇಳಿದರು ಕೆಳಮನೆಯ ಅಪೊಲಿನ್ ಬಾಯಿ,
ಮೆಟ್ಟಿಲಲ್ಲಿ, ಕೈಯಲ್ಲಿ ಬೊಂಡಾಸಿನ ತೊಟ್ಟೆ.
ಕಾಲೇಜಿನದ್ದೇ. ಆದರೆ ಪಾಠ ಮಾಡುವುದಿಲ್ಲ.
ಮಾಡುವವರ ಮಾತನ್ನು ಅಳೆದು, ಕತ್ತರಿಸಿ,
ಆರಾರು ನಿಮಿಷದ ತುಂಡು ಮಾಡಿ, ಅಂಚು ಹೊಲಿದು
ಆನ್‌ಲೈನಿಗೆ ಹಾಕುತ್ತೇನೆ.
ಹಾಗಾದರೆ ಟೈಲರ್, ಅಂದರು.
ಹನ್ನೆರಡು ವರ್ಷದಲ್ಲಿ ನನ್ನ ಹುದ್ದೆಗೆ
ಇಷ್ಟು ಸರಿಯಾದ ಹೆಸರು ಯಾರೂ ಕೊಟ್ಟಿರಲಿಲ್ಲ.

ಬೆಂದೂರ್‌ವೆಲ್ಲಿನಲ್ಲಿ, ಮೂರನೇ ಮಾಳಿಗೆ, ನಮ್ಮ ಸ್ಟುಡಿಯೊ.
ಗೋಡೆಗೆ ಸ್ಪಂಜು, ಕಿಟಕಿಗೆ ಎರಡು ಪದರ ಗಾಜು.
ಆದರೂ ಸ್ಟೇಟ್‌ಬ್ಯಾಂಕಿನ ಬಸ್ಸು ಒಳಗೆ ಬಂದೇ ಬರುತ್ತದೆ:
ಒಂದು ಸೀಟಿ, ತಗಡಿಗೆ ಎರಡು ಬಡಿತ,
ಮತ್ತೆ ಆ ರೈಟ್ ಪೋಯಿ.
ಅದನ್ನು ಹೆಕ್ಕಿ ತೆಗೆಯುವುದರಲ್ಲೇ
ನನ್ನ ಪ್ರಾಯದ ಒಂದು ಪಾಲು ಹೋಗಿದೆ.

ವಾಮನ ಹೊಳ್ಳರಿಗೆ ನಿವೃತ್ತಿಗೆ ನಾಲ್ಕು ತಿಂಗಳು.
ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ.
ಕ್ಲಾಸಿಗೆ ಬೆನ್ನು ಹಾಕಿ ಬರೆಯುತ್ತಲೇ
ಕೊನೆಯ ಬೆಂಚಿನ ಆಕಳಿಕೆ ಎಣಿಸಬಲ್ಲವರು
ಕ್ಯಾಮೆರಾದ ಮುಂದೆ ಬೆವರಿದರು. ಏಸಿಯಲ್ಲಿ.
ಇದಕ್ಕೆ ಮುಖವೇ ಇಲ್ಲವಲ್ಲ ಮಾರಾಯ್ತಿ,
ಕಣ್ಣು ಮಾತ್ರ ಉಂಟು.

ಏಳನೇ ಟೇಕಿಗೆ, ಸೆಕ್ಯುರಿಟಿಯ ಹಮ್ಮಬ್ಬರನ್ನು ಕರೆದು
ಕ್ಯಾಮೆರಾದ ಹಿಂದೆ ಕೂರಿಸಿದೆ.
ಸುಮ್ಮನೆ ತಲೆ ಅಲ್ಲಾಡಿಸಿ, ಸಾಕು.
ಹೊಳ್ಳರು ಸರಾಸರಿ ಮುಗಿಸಿ ವಿಚಲನೆಗೆ ಬಂದರು,
ಗ್ರೀಕ್ ಅಕ್ಷರ ಬರೆದರು, ರೂಢಿಯಂತೆ ಕೇಳಿದರು: ಅರ್ಥ ಆಯ್ತಾ?
ಹಮ್ಮಬ್ಬ ತಲೆ ಅಲ್ಲಾಡಿಸಿದರು.
ಅಡ್ಡಕ್ಕೆ.

ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ.
ಹೊಳ್ಳರು ಪೆನ್ನು ಕೆಳಗಿಟ್ಟರು. ಜನ್ಮದಲ್ಲಿ ಮೀನು ಮುಟ್ಟದ ಜನ,
ದಕ್ಕೆಯಲ್ಲಿ ಎರಡು ಬುಟ್ಟಿ ಬಂಗುಡೆ ಅಂತ ಇಟ್ಟುಕೊಳ್ಳಿ, ಅಂದರು,
ಎರಡರಲ್ಲೂ ನೂರು ಮೀನು, ತೂಕವೂ ಒಂದೇ.
ಒಂದರಲ್ಲಿ ಎಲ್ಲ ಗೇಣುದ್ದ.
ಇನ್ನೊಂದರಲ್ಲಿ ದೊಡ್ಡದೆಲ್ಲ ಮೇಲೆ, ಪೊಡಿ ಎಲ್ಲ ಅಡಿಗೆ.
ಸರಾಸರಿ ಕೇಳಿದರೆ ಎರಡಕ್ಕೂ ಒಂದೇ ಉತ್ತರ. ನಿಮಗೆ ಯಾವುದು?
ಹಮ್ಮಬ್ಬ ಮುಂದಕ್ಕೆ ಬಾಗಿ, ಇಲ್ಲದ ಬುಟ್ಟಿಗೆ ಕೈ ಹಾಕಿ,
ಅಡಿ ನೋಡದೆ ಹೇಳುವುದು ಹೇಗೆ ಸಾರ್?
ಅದೇ, ಅಂದರು ಹೊಳ್ಳರು. ಅದೇ ಅದೇ.
ಅಷ್ಟರಲ್ಲಿ ಬಸ್ಸು.
ರೈಟ್ ಪೋಯಿ.

ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು.
ನನ್ನದೇ ನಿಯಮಕ್ಕೆ ಐದು ನಿಮಿಷ ಹೆಚ್ಚು.
ಕತ್ತರಿ ಎತ್ತಿದೆ. ಇಟ್ಟೆ.

ಎಲ್ಲ ಪಾಠಗಳ ಗೆರೆಯೂ ನನಗೆ ಬಾಯಿಪಾಠ:
ನಾಲ್ಕನೇ ನಿಮಿಷಕ್ಕೆ ಅರ್ಧ ಜನ ಇಳಿದುಹೋಗುತ್ತಾರೆ,
ಜ್ಯೋತಿ ಸ್ಟಾಪಿನಲ್ಲಿ ಖಾಲಿಯಾಗುವ ಬಸ್ಸಿನ ಹಾಗೆ.
ಇದರಲ್ಲಿ ಮಾತ್ರ ಹನ್ನೊಂದರ ತನಕ ನೇರ,
ಅಲ್ಲೊಂದು ಸಣ್ಣ ಗುಡ್ಡ.
ಹಿಂದೆ ಹೋಗಿ ಮತ್ತೆ ಕೇಳಿದ್ದಾರೆ.
ಬಂಗುಡೆ, ಅಂದುಕೊಂಡೆ. ಮೀಟಿಂಗಿನಲ್ಲಿ ಹೇಳಿಯೂ ಹೇಳಿದೆ,
ಸ್ಥಳೀಯ ಉದಾಹರಣೆಯ ಮಹತ್ವ, ಇತ್ಯಾದಿ.

ಮೊನ್ನೆ ಬೀದರಿನ ಶಶಿರೇಖಾ,
ರಾತ್ರಿ ಎರಡೂ ಕಾಲಿಗೆ ಕಳಿಸಿದ ಪ್ರಶ್ನೆ:
ಮೇಡಂ, ಹನ್ನೊಂದನೇ ನಿಮಿಷದಾಗ ಯಾರೋ
ಪೋಯಿ ಅಂತ ಒದರ್ತಾರ. ಮೂರು ಸಲ ಕೇಳೀನಿ.
ಇದು ಪರೀಕ್ಷಾಕ್ಕ ಬರ್ತದೇನ್ರಿ?

ಬರುತ್ತದೆ ಎಂದು ಬರೆದು,
ಅಳಿಸಿ, ಕೂತೆ.
ಬೆಳಗಿನ ಮೊದಲ ಬಸ್ಸು ಇನ್ನೂ ಬಂದಿರಲಿಲ್ಲ.